ಬದಲಾವಣೆ ಬಂದರೆ ಮೊದಲು ತಾರೀಖು ನೋಡಿ: ಸ್ಟುಟ್‌ಗಾರ್ಟ್ ಕಡೆಗೆ ಬಂದ ಹೊಸಬರಿಗೆ

ಜರ್ಮನಿಯಲ್ಲಿ ಕೋರ್ಟಿನಿಂದಲೋ ಸರ್ಕಾರಿ ಕಚೇರಿಯಿಂದಲೋ ಮುಖ್ಯವಾದ ಕಾಗದ ಹಳದಿ ಲಕೋಟೆಯಲ್ಲಿ ಬರುತ್ತದೆ. ಪೋಸ್ಟ್‌ಮ್ಯಾನ್ ಅದರ ಮೇಲೆ ಅವತ್ತಿನ ತಾರೀಖು ಬರೆದು ಡಬ್ಬಿಗೆ ಹಾಕಿ ಹೋಗುತ್ತಾನೆ. ನೀವು ಸಹಿ ಹಾಕಬೇಕಿಲ್ಲ. ಮನೆಯಲ್ಲಿ ಇರಬೇಕು ಅಂತಲೂ ಇಲ್ಲ. ಉತ್ತರ ಕೊಡಲು ಇರುವ ಗಡುವು ಆ ತಾರೀಖಿನಿಂದ ಶುರುವಾಗುತ್ತದೆ. ಹೊಸಬರು ಒಳಗಿನ ಕಾಗದ ಇಟ್ಟುಕೊಂಡು ಲಕೋಟೆಯನ್ನು ಎಸೆದುಬಿಡುತ್ತಾರೆ. ದಯವಿಟ್ಟು ಎಸೆಯಬೇಡಿ.

ನಾನು ದಾವಣಗೆರೆಯವಳು. 2013ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಈ ಕಡೆ ಬಂದೆ. ಇಷ್ಟು ವರ್ಷಗಳಲ್ಲಿ ಒಮ್ಮೆ ಕೆಲಸ ಹೋಯಿತು, ಎರಡು ಸಲ ಮನೆ ಬದಲಾಯಿತು, ಮಗ ಹುಟ್ಟಿದ, ಅಪ್ಪ ತೀರಿಕೊಂಡರು. ಪ್ರತಿ ಸಲವೂ ಎರಡು ವಿಷಯ ಒಟ್ಟಿಗೆ ಬಂದವು. ಒಂದು, ಕಾಗದದ ಮೇಲಿನ ತಾರೀಖು. ಇನ್ನೊಂದು, ಮನಸ್ಸಿನ ಭಾರ. ಭಾರ ಒಂದೆರಡು ದಿನ ಕಾಯುತ್ತದೆ. ತಾರೀಖು ಕಾಯುವುದಿಲ್ಲ. ನಮ್ಮ ಊರಲ್ಲಿ ತಾರೀಖು ದಾಟಿದರೂ ಯಾರನ್ನೋ ಹಿಡಿದು ಸರಿಮಾಡಿಕೊಳ್ಳಬಹುದು, ಅಲ್ವಾ? ಆ ಅಭ್ಯಾಸದಲ್ಲೇ ನಾವು ಮೊದಲು ಹತ್ತು ಜನಕ್ಕೆ ಫೋನ್ ಮಾಡುತ್ತೇವೆ, ರಾತ್ರಿಯೆಲ್ಲ ಯೋಚನೆ ಮಾಡುತ್ತೇವೆ, ಕಾಗದವನ್ನು ಕೊನೆಗೆ ಬಿಡಿಸುತ್ತೇವೆ. ಇಲ್ಲಿ ಅದನ್ನು ತಿರುಗಿಸಿ ಮಾಡಬೇಕು.

ಬಂದ ಹೊಸದರಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದನ್ನು ಆನ್ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಒಂದು ಫಾರಂ ಬೇಕು, ಬಾಡಿಗೆ ಕರಾರು ಮಾತ್ರ ಸಾಲದು. ನೋಂದಣಿಯಾದ ಮೇಲೆ ತೆರಿಗೆ ನಂಬರ್ ತಾನಾಗಿ ಅಂಚೆಯಲ್ಲಿ ಬರುತ್ತದೆ. ಹಾಗಾಗಿ ಡಬ್ಬಿಯ ಮೇಲೆ ನಿಮ್ಮ ಹೆಸರು ಇರಲೇಬೇಕು. ಹೆಸರಿಲ್ಲದ ಡಬ್ಬಿಗೆ ಇಲ್ಲಿ ಕಾಗದ ಬರುವುದಿಲ್ಲ. ಇನ್ನೊಬ್ಬರಿಗೆ ಆದ ನಷ್ಟ ಕಟ್ಟಿಕೊಡುವ ಹಾಫ್ಟ್‌ಪ್ಲಿಷ್ಟ್ ವಿಮೆಯನ್ನು ಮೊದಲ ತಿಂಗಳೇ ಮಾಡಿಸಿ. ವರ್ಷಕ್ಕೆ ಸ್ವಲ್ಪವೇ ಹಣ, ತುಂಬಾ ಕಾಪಾಡುತ್ತದೆ.

ಈಗ ಕೆಲಸದ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಕಡೆ ಬಹಳ ಮನೆಗಳ ಅನ್ನ ಕಾರಿನ ಉದ್ಯಮದಿಂದ ಬರುತ್ತದೆ. ಆ ಉದ್ಯಮ ಪೆಟ್ರೋಲ್, ಡೀಸೆಲ್‌ನಿಂದ ಬ್ಯಾಟರಿಯ ಕಡೆ ಹೊರಳುತ್ತಿದೆ. ಇಡೀ ವಿಭಾಗಗಳೇ ಮುಚ್ಚುತ್ತವೆ, ಹೊಸವು ಹುಟ್ಟುತ್ತವೆ.

ಮೊದಲ ಆರು ತಿಂಗಳು ಪ್ರೋಬೆತ್ಸೈಟ್, ಅಂದರೆ ಪರೀಕ್ಷೆಯ ಅವಧಿ. ಆಗ ಎರಡು ವಾರದ ನೋಟಿಸ್ ಕೊಟ್ಟು ಯಾರು ಬೇಕಾದರೂ ಬಿಡಬಹುದು, ಬಿಡಿಸಬಹುದು. ಅದು ಮುಗಿಯುವ ತನಕ ದೊಡ್ಡ ಸಾಲ ಮಾಡಬೇಡಿ, ಕಾರು ಕೊಳ್ಳಬೇಡಿ. ಆರು ತಿಂಗಳು ದಾಟಿದ ಮೇಲೆ, ಹತ್ತಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಲ್ಲಿ, ಕಾರಣವಿಲ್ಲದೆ ತೆಗೆಯಲು ಬರುವುದಿಲ್ಲ.

ನನ್ನ ಮೂರನೇ ವರ್ಷದಲ್ಲಿ, 2016ರ ಅಕ್ಟೋಬರಿನಲ್ಲಿ, ಒಂದು ಗುರುವಾರ ಮಧ್ಯಾಹ್ನ ನನ್ನನ್ನು ಒಳಗೆ ಕರೆದರು. ವಿಭಾಗ ಮುಚ್ಚುತ್ತಿದೆ ಎಂದರು. ಮೇಜಿನ ಮೇಲೆ ಒಂದು ಕಾಗದ ಇತ್ತು. ಇವತ್ತೇ ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಹೆಚ್ಚಿಗೆ ಸಿಗುತ್ತದೆ ಎಂದು ಮೆಲ್ಲಗೆ ಹೇಳಿದರು. ನನ್ನ ಕೈಯಲ್ಲಿ ಪೆನ್ನು ಇತ್ತು. ನನ್ನ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಹಿಂದಿನ ವಾರವಷ್ಟೇ ಊಟದ ಹೊತ್ತಿನಲ್ಲಿ ಹೇಳಿದ್ದ ಮಾತು ನೆನಪಾಯಿತು: ಇಂಥ ಕಾಗದ ಬಂದರೆ ಒಂದು ರಾತ್ರಿ ಮಲಗಿ ಎದ್ದು ಆಮೇಲೆ ನೋಡು. ಮನೆಗೆ ತೆಗೆದುಕೊಂಡು ಹೋಗುತ್ತೇನೆ ಎಂದೆ. ಧ್ವನಿ ನಡುಗುತ್ತಿತ್ತು.

ಆ ಕಾಗದಕ್ಕೆ ಔಫ್‌ಹೇಬುಂಗ್ಸ್ ಫೆರ್ಟ್ರಾಗ್ ಎಂದು ಹೆಸರು. ಇಬ್ಬರೂ ಒಪ್ಪಿ ಕೆಲಸ ಮುಗಿಸುವ ಕರಾರು ಅದು. ಅದಕ್ಕೆ ಸಹಿ ಹಾಕಿದರೆ, ನೀವೇ ಕೆಲಸ ಬಿಟ್ಟ ಹಾಗೆ ಲೆಕ್ಕ. ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ನಿಂತುಹೋಗುತ್ತದೆ. ಸಹಿ ಹಾಕಲೇಬಾರದು ಅಂತಲ್ಲ, ಕೆಲವು ಸಲ ಅದೇ ಒಳ್ಳೆಯದಿರುತ್ತದೆ. ಆದರೆ ಅವತ್ತೇ, ಆ ಕೋಣೆಯಲ್ಲೇ, ಒಬ್ಬರೇ ಕೂತು ಹಾಕಬೇಡಿ. ನಿಮ್ಮ ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್ ಇದ್ದರೆ ಮೊದಲು ಅಲ್ಲಿಗೆ ಹೋಗಿ. ನೌಕರರೇ ಆರಿಸಿದ ಸಮಿತಿ ಅದು. ಯಾರನ್ನಾದರೂ ತೆಗೆಯುವ ಮೊದಲು ಕಂಪನಿ ಅವರ ಮಾತು ಕೇಳಲೇಬೇಕು.

ತೆಗೆದುಹಾಕುವ ಆದೇಶ ಬರೀ ಇಮೇಲ್‌ನಲ್ಲಿ ಬಂದರೆ ಅದು ಊರ್ಜಿತವಲ್ಲ. ಕೈಸಹಿ ಇರುವ ಕಾಗದವೇ ಬೇಕು. ಆ ಕಾಗದ ನಿಮ್ಮ ಕೈ ಸೇರಿದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು. ಒಂದು ದಿನ ತಡವಾದರೂ ತಪ್ಪಾದ ಆದೇಶ ಕೂಡ ಸರಿ ಎಂದೇ ನಿಲ್ಲುತ್ತದೆ. ಮೊದಲ ಹಂತದಲ್ಲಿ ಗೆದ್ದರೂ ನಿಮ್ಮ ವಕೀಲರ ಫೀ ನೀವೇ ಕೊಡಬೇಕು. ಇದನ್ನು ತಿಳಿದುಕೊಂಡೇ ಹೆಜ್ಜೆ ಇಡಿ.

ಇನ್ನೊಂದು ತಾರೀಖು ಇದಕ್ಕಿಂತ ಬೇಗ ಬರುತ್ತದೆ. ಕೆಲಸ ಮುಗಿಯಲು ಮೂರು ತಿಂಗಳಿಗಿಂತ ಕಡಿಮೆ ಇದ್ದರೆ, ವಿಷಯ ಗೊತ್ತಾದ ಮೂರು ದಿನದೊಳಗೆ ಉದ್ಯೋಗ ಕಚೇರಿಗೆ ತಿಳಿಸಬೇಕು. ಆನ್‌ಲೈನ್‌ನಲ್ಲೇ ತಿಳಿಸಬಹುದು. ತಡವಾದರೆ ಒಂದು ವಾರದ ಭತ್ಯೆ ಕಳೆದುಹೋಗುತ್ತದೆ. ಕೆಲಸವಿಲ್ಲದ ಮೊದಲ ದಿನ ಮತ್ತೊಮ್ಮೆ ನೋಂದಾಯಿಸಬೇಕು. ಎರಡೂ ಬೇರೆ ಬೇರೆ. ನಮ್ಮವರಲ್ಲಿ ಬಹಳ ಜನ ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ. ಹಿಂದಿನ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿದ್ದರೆ ಭತ್ಯೆಗೆ ನಿಮಗೆ ಹಕ್ಕಿದೆ. ಕೈಗೆ ಬರುತ್ತಿದ್ದ ಸಂಬಳದ ನೂರಕ್ಕೆ ಸುಮಾರು 60 ಭಾಗ, ಮಕ್ಕಳಿದ್ದರೆ 67 ಭಾಗ ಸಿಗುತ್ತದೆ. ಇದು ಭಿಕ್ಷೆಯಲ್ಲ. ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ ಇದಕ್ಕೆಂದೇ ಹಣ ಹಿಡಿದಿದ್ದಾರೆ. ನಾಚಿಕೆಯಿಂದ ಅರ್ಜಿಯನ್ನೇ ಹಾಕದವರನ್ನು ನಾನು ನೋಡಿದ್ದೇನೆ, ನೋಡಿ ಹೊಟ್ಟೆ ಉರಿದಿದೆ.

ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ ಇರುವವರಿಗೆ ಇನ್ನೊಂದು ಮಾತು. ಕೆಲಸ ಹೋದರೆ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ನೀವೇ ತಿಳಿಸಬೇಕು. ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸಿದರೂ ತಿಳಿಸಬೇಕು. ತಿಳಿಸಿದ ಕೂಡಲೇ ವಾಪಸ್ ಕಳಿಸುತ್ತಾರೆ ಎಂಬ ಹೆದರಿಕೆಗೆ ಜನ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದೇ ಆಮೇಲೆ ತೊಂದರೆ ಕೊಡುತ್ತದೆ. ನಾನು ತಿಳಿಸಿದೆ, ಹೊಸ ಕೆಲಸ ಹುಡುಕಲು ಸಮಯ ಕೊಟ್ಟರು, ಐದನೇ ತಿಂಗಳಲ್ಲಿ ಕೆಲಸ ಸಿಕ್ಕಿತು.

ಕೆಲಸ ಹೋಗದೇ ಇದ್ದರೂ ಮ್ಯಾನೇಜರ್ ಬದಲಾಗುತ್ತಾರೆ. ಹಳಬರು ಹೊರಡುವ ಮೊದಲು ಅವರಿಂದ ತ್ಸ್ವಿಷನ್‌ತ್ಸೋಯ್ಗ್ನಿಸ್ ಕೇಳಿ ಪಡೆಯಿರಿ. ಅದು ಮಧ್ಯಂತರ ಕೆಲಸದ ಪ್ರಮಾಣಪತ್ರ. ಮ್ಯಾನೇಜರ್ ಬದಲಾಗುವುದು ಅದನ್ನು ಕೇಳಲು ಎಲ್ಲರೂ ಒಪ್ಪುವ ಕಾರಣ, ಯಾರೂ ತಪ್ಪು ತಿಳಿಯುವುದಿಲ್ಲ. ಕೈಗೆ ಬಂದ ಮೇಲೆ ಜರ್ಮನ್ ಬಲ್ಲವರಿಗೆ ತೋರಿಸಿ, ಯಾಕೆಂದರೆ ಅದರ ಭಾಷೆ ಒಂಥರಾ ಗುಪ್ತಲಿಪಿ. ‘ಯಾವಾಗಲೂ ಸಂಪೂರ್ಣವಾಗಿ ತೃಪ್ತಿಯಾಗುವಂತೆ’ ಎಂದಿದ್ದರೆ ಮೊದಲ ದರ್ಜೆ. ‘ತೃಪ್ತಿಯಾಗುವಂತೆ’ ಎಂದಷ್ಟೇ ಇದ್ದರೆ ಜಸ್ಟ್ ಪಾಸ್. ಓದುವಾಗ ಎರಡೂ ಹೊಗಳಿಕೆಯ ಹಾಗೇ ಕಾಣುತ್ತವೆ.

ಹೊಗಳಿಕೆ ಅಂದಾಗ ನೆನಪಾಯಿತು. ಈ ಶ್ವಾಬ್ ಸೀಮೆಯಲ್ಲಿ ಒಂದು ಗಾದೆ ಇದೆ: ಬೈಯಲಿಲ್ಲ ಅಂದರೆ ಸಾಕಷ್ಟು ಹೊಗಳಿದ ಹಾಗೆ. ಮೊದಲ ವರ್ಷ ನಾನು ಮೀಟಿಂಗ್ ಮುಗಿದ ಮೇಲೆ ಬಾತ್‌ರೂಮಿಗೆ ಹೋಗಿ ಅತ್ತಿದ್ದೇನೆ. ನನ್ನ ಕೆಲಸ ಯಾರಿಗೂ ಇಷ್ಟವಿಲ್ಲ ಎಂದುಕೊಂಡಿದ್ದೆ. ಅವರು ಬರೀ ತಪ್ಪಿದ್ದ ಜಾಗ ತೋರಿಸಿದ್ದರು, ಮಿಕ್ಕದ್ದು ಸರಿಯಾಗಿತ್ತು. ಇನ್ನು ನಮ್ಮ ‘ಆಗ್ಲಿ, ನೋಡೋಣ’ ಎನ್ನುವ ಮಾತು. ಇಲ್ಲಿ ಅದು ‘ಮಾಡುತ್ತೇನೆ’ ಎಂದೇ ಕೇಳಿಸುತ್ತದೆ. ಆಗದ ಕೆಲಸಕ್ಕೆ ಅವತ್ತೇ ಆಗುವುದಿಲ್ಲ ಎನ್ನಿ. ಅದರಿಂದ ಮರ್ಯಾದೆ ಹೋಗುವುದಿಲ್ಲ, ಹೆಚ್ಚುತ್ತದೆ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎನ್ನುತ್ತಾರೆ. ಇಲ್ಲಿ ಆ ನೀರು ಕೇರ್‌ವೋಖೆ. ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸಿ ಒರೆಸುವುದು ವಾರಕ್ಕೊಂದು ಮನೆಯ ಪಾಳಿ. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಬೋರ್ಡು ತಂದು ನೇತುಹಾಕುತ್ತಾರೆ. ಬೆಳಿಗ್ಗೆ ಎದ್ದು ಬಾಗಿಲು ತೊಳೆದು ರಂಗೋಲಿ ಹಾಕಿ ಬೆಳೆದ ನಮಗೆ ಇದೇನು ಹೊಸದಲ್ಲ. ಮನಸ್ಸಿಟ್ಟು ಮಾಡಿ. ನನ್ನ ಕೆಳಮನೆಯ ಅಜ್ಜಿ ನನ್ನೊಂದಿಗೆ ಮೊದಲ ಸಲ ಮಾತಾಡಿದ್ದು ನಾನು ಬಕೆಟ್ ಹಿಡಿದು ನಿಂತಿದ್ದಾಗ. ನನ್ನ ಮಗನಿಗೆ ಮೊದಲ ಜರ್ಮನ್ ಪದಗಳನ್ನು ಕಲಿಸಿದ್ದೂ ಆಕೆಯೇ.

ಚಳಿಗಾಲದ ಬಗ್ಗೆ ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ. ಚಳಿ ದೊಡ್ಡದಲ್ಲ, ಜಾಕೆಟ್ ಇದೆ. ಕಷ್ಟ ಕತ್ತಲಿನದು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ಹಾಕುತ್ತಾರೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟಾದರೂ ಬೆಳಕಿಲ್ಲ, ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡ ಇದ್ದರೂ ಸರಿ. ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳಿ. ಮತ್ತೆ ಒಂದು ಕಟ್ಟುನಿಟ್ಟಿನ ಮಾತು: ವಾಪಸ್ ಹೋಗುವ ತೀರ್ಮಾನವನ್ನು ಮೊದಲ ಜನವರಿಯಲ್ಲಿ ಮಾಡಬೇಡಿ. ಹೋಗಲೇಬೇಕಾದರೆ ಹೋಗಿ, ಆದರೆ ರಾತ್ರಿ ಒಂಬತ್ತೂವರೆ ತನಕ ಬೆಳಕಿರುವ ಜೂನ್ ತಿಂಗಳನ್ನು ಒಮ್ಮೆ ನೋಡಿ ಆಮೇಲೆ ತೀರ್ಮಾನಿಸಿ. ಮನಸ್ಸು ತೀರಾ ಕುಗ್ಗಿದರೆ 0800 1110111ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಇರುತ್ತಾರೆ, ದುಡ್ಡಿಲ್ಲ, ಹೆಸರು ಕೇಳುವುದಿಲ್ಲ.

ಗಂಡನ ಅಥವಾ ಹೆಂಡತಿಯ ಕೆಲಸಕ್ಕಾಗಿ ಜೊತೆಗೆ ಬಂದವರೇ, ನಿಮ್ಮ ಬದಲಾವಣೆ ನಮ್ಮದಕ್ಕಿಂತ ದೊಡ್ಡದು. ನಮಗೆ ಆಫೀಸಾದರೂ ಇದೆ. ನೀವು ಸುಮ್ನೆ ಮನೆಯಲ್ಲಿ ಕೂರಬೇಡಿ. ಬ್ಲೂ ಕಾರ್ಡ್‌ನವರ ಸಂಗಾತಿಗೆ ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ. ಫೋಕ್ಸ್‌ಹೋಖ್‌ಶೂಲೆ ಎಂಬ ಸಂಜೆ ಶಾಲೆ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇದೆ, ಭಾಷೆಯನ್ನು ಅಲ್ಲಿ ಶುರುಮಾಡಿ. ಜರ್ಮನ್‌ನಲ್ಲಿ ಬಿ1 ಎಂಬ ಮಧ್ಯಮ ಮಟ್ಟ ಮುಟ್ಟಿದರೆ ಬ್ಲೂ ಕಾರ್ಡ್‌ನವರಿಗೆ ಕಾಯಂ ವಾಸದ ಪರವಾನಗಿ 21 ತಿಂಗಳಿಗೇ ಸಿಗುತ್ತದೆ, ಎ1 ಎಂಬ ಆರಂಭದ ಮಟ್ಟ ಮಾತ್ರ ಇದ್ದರೆ 27 ತಿಂಗಳು.

ಭಾಷೆ ಬರುವುದಿಲ್ಲ ಎಂದು ಸೋತು ಕೂತಾಗ ನಾನು ರೈಲು ಹತ್ತಿ ಟ್ಯೂಬಿಂಗನ್‌ಗೆ ಹೋಗುತ್ತಿದ್ದೆ. ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ. ನಮ್ಮ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲಿ. 1853ರಲ್ಲಿ, 21ನೇ ವಯಸ್ಸಿಗೆ ನಮ್ಮ ನಾಡಿಗೆ ಹೋದವರು. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ 41 ವರ್ಷ. ‘ಮಂಗಳೂರು ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಕೊನೆಗೆ ಕಣ್ಣು ಮುಚ್ಚಿದ್ದು ನಮ್ಮ ಪಕ್ಕದ ಎಸ್ಲಿಂಗನ್‌ನಲ್ಲಿ. ಕಿಟ್ಟೆಲ್ ಹಳೆಯ ಗ್ರಂಥಗಳಿಂದಲೂ ಜನರ ಬಾಯಿಂದಲೂ ಒಂದೊಂದೇ ಪದ ಸೇರಿಸಿದವರು. ಅದನ್ನು ನೋಡಿ ನಾನೂ ಒಂದು ಚಿಕ್ಕ ಪುಸ್ತಕ ಇಟ್ಟೆ, ದಿನಕ್ಕೆ ಐದು ಪದ. ಬೇಕರಿಯಲ್ಲಿ, ಟ್ರಾಮಿನಲ್ಲಿ ಕೇಳಿದ ಪದಗಳು. ಆಪ್‌ಗಿಂತ ಅದೇ ನನಗೆ ಜಾಸ್ತಿ ಕಲಿಸಿತು.

ಊರಿಂದ ರಾತ್ರಿ ಫೋನ್ ಬರುವ ದಿನ ಎಲ್ಲರಿಗೂ ಒಮ್ಮೆ ಬರುತ್ತದೆ. ಅದಕ್ಕೆ ತಯಾರಿ ಈಗಲೇ ಮಾಡಿ. ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡಿನ ಕೊನೆಯ ತಾರೀಖು ಫ್ರಿಜ್ ಮೇಲೆ ಬರೆದಿಡಿ. ಕಾರ್ಡ್ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ. ಒಂದು ಟಿಕೆಟ್‌ನಷ್ಟು ಹಣ ಮುಟ್ಟದೆ ಇಟ್ಟಿರಿ. ತಂದೆ ತಾಯಿ ಹೋದರೆ ಹೆಚ್ಚಿನ ಕಡೆ ಕೊಡುವ ವಿಶೇಷ ರಜೆ ಎರಡು ದಿನ, ಅದು ಪ್ರಯಾಣಕ್ಕೇ ಸಾಲದು. ಹಾಗಾಗಿ ವರ್ಷದ ರಜೆಯಲ್ಲಿ ಒಂದು ವಾರ ಉಳಿಸಿಕೊಳ್ಳಿ, ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿಡಿ. 2019ರಲ್ಲಿ ಅಪ್ಪ ಹೋದಾಗ ನಾನು ದಾವಣಗೆರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಪಾಸ್‌ಪೋರ್ಟ್ ಆಗ ನವೀಕರಣಕ್ಕೆ ಹೋಗಿತ್ತು.

2016ರಲ್ಲಿ ಕೆಲಸ ಹೋದದ್ದನ್ನು ನಾನು ಅಮ್ಮನಿಗೆ ಎರಡು ತಿಂಗಳು ಹೇಳಿರಲಿಲ್ಲ. ಪ್ರತಿ ದಿನ ಆಫೀಸಿನಲ್ಲಿ ಇದ್ದವಳ ಹಾಗೆ ಮಾತಾಡುತ್ತಿದ್ದೆ. ಕಾಗದಗಳನ್ನೆಲ್ಲ ಸರಿಯಾಗಿ ಮಾಡಿದ್ದೆ, ಆದರೂ ರಾತ್ರಿ ನಿದ್ದೆ ಇರಲಿಲ್ಲ. ಕೊನೆಗೆ ಸಂಕ್ರಾಂತಿ ದಿನ ಬಾಯಿಂದ ಬಂದುಬಿಟ್ಟಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಡುಗೆ ಮಾಡಿಕೊಂಡು ತಿಂತಿದ್ದೀಯಾ?’ ಎಂದು ಕೇಳಿದರು. ನೀವೂ ತಾರೀಖಿನ ಕೆಲಸ ಮುಗಿದ ಸಂಜೆಯೇ ಒಬ್ಬರಿಗೆ ಹೇಳಿ. ಅಮ್ಮನಿಗಾಗಲಿ, ಗೆಳತಿಗಾಗಲಿ, ಇಲ್ಲಿರುವ ನಮ್ಮಂಥವರಿಗಾಗಲಿ. ಈಗ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಫೋನ್ ಮಾಡುತ್ತೇನೆ, ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಅಮ್ಮ ಮೊದಲು ಕೇಳುವುದು ಆಫೀಸಿನ ವಿಚಾರ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.