ರಿಚರ್ಡನ ಅರ್ಥ ಹೇಳಿದ ರಾತ್ರಿ

ಹಗಲು ಉಡುಪಿಯಲ್ಲಿ ಅಂಗಡಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾತ್ರಿ ಕರೆದಲ್ಲಿಗೆ ಹೋಗಿ ತಾಳಮದ್ದಳೆಯಲ್ಲಿ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತೇನೆ. ಕೌರವ, ಕಂಸ, ವಾಲಿ ಎಲ್ಲ ಆಗಿದೆ. ಕಳೆದ ಆಟಿ ತಿಂಗಳಲ್ಲಿ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡನ ಕಥೆಯನ್ನೇ ಪ್ರಸಂಗ ಮಾಡಿದೆವು. ಗೆಳೆಯರ ಮನೆಯ ಚಾವಡಿ, ಹೊರಗೆ ಜಡಿಮಳೆ, ಒಳಗೆ ನಲ್ವತ್ತು ಜನ.

ಪದ್ಯ ಕಟ್ಟುವಾಗಲೇ ತಾಪತ್ರಯ ಶುರು. "ಬಕಿಂಗ್‌ಹ್ಯಾಮ್ ಅಂತ ಏರುಪದ್ಯದಲ್ಲಿ ಹಾಡಿದ್ರೆ ನನ್ನ ಹಲ್ಲು ಉದುರ್ತದೆ ಮಾರಾಯ್ರೆ" ಎಂದರು ಭಾಗವತರು. ರಿಚರ್ಡನ ಪಕ್ಷದ ಆ ಸಾಮಂತನನ್ನು ಸುಮ್ನೆ 'ಸಖ' ಮಾಡಿದೆವು. 'ರಿಚರ್ಡ ಭೂಪ' ಮಾತ್ರ ಸಲೀಸಾಗಿ ಕೂತ.

ಇವನೆಂದರೆ ಗೂನು, ಕುಂಟು, ಬತ್ತಿದ ಕೈ ಅಂತ ರೂಢಿ. 2012ರಲ್ಲಿ ಲೆಸ್ಟರ್ ಊರಿನ ಕಾರ್ ಪಾರ್ಕಿಂಗ್ ಅಡಿಯಲ್ಲಿ ಅವನ ಮೂಳೆ ಸಿಕ್ಕಿತಲ್ವಾ, ಬೆನ್ನೆಲುಬು ಪಕ್ಕಕ್ಕೆ ಬಾಗಿತ್ತು, ಕೈಗೆ ಏನೂ ಆಗಿರಲಿಲ್ಲ. ಹಾಗಾಗಿ ನಾನು ಬಲ ಹೆಗಲನ್ನಷ್ಟೇ ಚೂರು ಎತ್ತಿ ಕೂತೆ. ಮೂರು ಸಲ ಶಾಲು ಜಾರಿತು. ಮದ್ದಳೆಯವರು ನಗಾಡಿದರು. ಅಲ್ಲಿಗೆ ಬಿಟ್ಟೆ.

ಅವನು ಪಟ್ಟಕ್ಕೆ ಏರಿದ ಕಥೆ ಹೇಳುವುದು ಸುಲಭ. 1483ರ ಏಪ್ರಿಲ್ 9ಕ್ಕೆ ಅಣ್ಣ ನಾಲ್ಕನೇ ಎಡ್ವರ್ಡ್ ತೀರಿಕೊಂಡ. ಪಟ್ಟ 12 ವರ್ಷದ ಮಗನಿಗೆ, ಅವನಿಗೆ ಕಾವಲು ಈ ಚಿಕ್ಕಪ್ಪ. ಜೂನ್ 13ಕ್ಕೆ ಹೇಸ್ಟಿಂಗ್ಸ್ ಎಂಬ ಹಿರಿಯ ಸಾಮಂತನನ್ನು ಸಭೆಯಿಂದಲೇ ಎಳೆಸಿ ತಲೆ ತೆಗೆಸಿದ. ಜುಲೈ 6ಕ್ಕೆ ತಾನೇ ಕಿರೀಟ ಇಟ್ಟುಕೊಂಡ. ಮೂರು ತಿಂಗಳು ಕೂಡ ಹಿಡಿಯಲಿಲ್ಲ. ಇದಕ್ಕೆ ಅವನ ಕಡೆಯವರು ಕೊಟ್ಟ ನ್ಯಾಯ ಕೇಳಿ: ಅಣ್ಣ ಮೊದಲೇ ಎಲೀನರ್ ಎಂಬವಳಿಗೆ ಮದುವೆಯ ಮಾತು ಕೊಟ್ಟಿದ್ದ, ಆಮೇಲೆ ರಾಣಿ ಜೊತೆ ಆದದ್ದು ಮದುವೆಯೇ ಅಲ್ಲ, ಮಕ್ಕಳಿಗೆ ಹಕ್ಕಿಲ್ಲ.

ಇಂಥ ಧರ್ಮಸೂಕ್ಷ್ಮ ಸಿಕ್ಕರೆ ಅರ್ಥಧಾರಿಗೆ ಹೋಳಿಗೆ ಊಟ. ಇಪ್ಪತ್ತು ನಿಮಿಷ ಎಳೆದೆ. "ಅಣ್ಣನ ತಪ್ಪನ್ನು ನಾನು ಮಾಡಿದೆನೇ? ಶುದ್ಧ ರಕ್ತ ಇರುವಾಗ ಸಿಂಹಾಸನ ಖಾಲಿ ಬಿಡಲೇ?" ಮುಂದಿನ ಸಾಲಿನವರು ತಲೆದೂಗಿದರು. ನನಗೂ ಕೊಬ್ಬು ಏರಿತು.

ಎದುರು, ರಿಚರ್ಡನ ಪಟ್ಟಕ್ಕೆ ಸವಾಲು ಹಾಕಿದ ಹೆನ್ರಿ ಟ್ಯೂಡರ್ ಆಗಿ ನಿವೃತ್ತ ಮಾಷ್ಟ್ರು ಇದ್ದರು. ನಿಜವಾಗಿ ಕೊನೆಯ ಯುದ್ಧ ನಡೆದ ಬಾಸ್ವರ್ತ್ ರಣದಲ್ಲಿ ರಿಚರ್ಡ್, ಹೆನ್ರಿ ಇಬ್ಬರೂ ಕೂತು ವಾದ ಮಾಡಿದ್ದಲ್ಲ, ಆದರೆ ತಾಳಮದ್ದಳೆಯಲ್ಲಿ ಮಾತಿಲ್ಲದೆ ಯುದ್ಧ ಉಂಟಾ? ಮಾಷ್ಟ್ರು ಅಷ್ಟೂ ಹೊತ್ತು ಕಣ್ಣುಮುಚ್ಚಿ ಕೇಳಿದರು. ಮತ್ತೆ ಮೆಲ್ಲ ಹೇಳಿದರು: "ಆಗಲಿ, ಹಕ್ಕಿಲ್ಲ. ಮಕ್ಕಳಾದರೂ ಹೌದಷ್ಟೆ? ಹನ್ನೆರಡರ ಅಣ್ಣ, ಒಂಬತ್ತರ ತಮ್ಮ. ಲಂಡನ್ ಕೋಟೆಗೆ ನೀನೇ ಕಳಿಸಿದವರು. ಒಮ್ಮೆ ಕರೆಸಿ ತೋರಿಸು. ಈ ಕತ್ತಿ ಇಲ್ಲೇ ಇಡುತ್ತೇನೆ."

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. "ಕೇಳಲು ನೀನು ಯಾರು?" ಎಂದೆ, ಅದು ನನಗೇ ಸಪ್ಪೆ ಅನಿಸಿತು. ತಂಬಿಗೆ ಎತ್ತಿ ನೀರು ಕುಡಿದೆ. ಮೂಲೆಯಿಂದ ಒಬ್ಬರು ಅಜ್ಜಿ, "ಪಾಪ, ಮಕ್ಕಳನ್ನು ಎಂತ ಮಾಡಿದ್ನೋ" ಎಂದರು. ಭಾಗವತರಿಗೆ ಗೊತ್ತಾಗಿ ಪದ್ಯ ಎತ್ತಿಕೊಂಡರು, ನಾನು ಬಚಾವ್.

ರಿಚರ್ಡನೂ ಆ ಮಕ್ಕಳನ್ನು ತೋರಿಸಲೇ ಇಲ್ಲ. ಕೊಂದ ಎಂಬ ಸುದ್ದಿ ಹಬ್ಬಿದರೂ ತೋರಿಸಲಿಲ್ಲ. ಪಟ್ಟ ಕಟ್ಟಿಸಿದ ಬಕಿಂಗ್‌ಹ್ಯಾಮೇ ಆ ಅಕ್ಟೋಬರಿನಲ್ಲಿ ದಂಗೆ ಎದ್ದ. ಪ್ರಸಂಗದಲ್ಲಿ ನಾನು ಇದಕ್ಕೆ ಕೊಟ್ಟದ್ದು ಒಂದೇ ಪದ್ಯ. ಹಾಡಲು ಕಷ್ಟ ಅಂತ ಹೆಸರನ್ನೂ ತೆಗೆದಿದ್ದೆ!

1485ರ ಆಗಸ್ಟ್ 22, ಬಾಸ್ವರ್ತ್. ರಿಚರ್ಡ್ ಸ್ವಲ್ಪ ಕುದುರೆ ದಂಡು ಕಟ್ಟಿಕೊಂಡು ಹೆನ್ರಿಯ ಮೇಲೆ ನೇರ ನುಗ್ಗಿದ. ಅಲ್ಲಿಯವರೆಗೆ ನೋಡುತ್ತಾ ನಿಂತಿದ್ದ ಸ್ಟಾನ್ಲಿ ಎಂಬ ಸರದಾರನ ಸೈನ್ಯ ಇವನ ಮೇಲೇ ಬಿತ್ತು. ಮೂಳೆಯಲ್ಲಿ 11 ಗಾಯದ ಗುರುತು, 9 ತಲೆಬುರುಡೆಯಲ್ಲೇ. ಸಾಯುವಾಗ ವಯಸ್ಸು 32. ಇದಕ್ಕೆ ಬರೆದಿಟ್ಟ ಮಾತು ಬೇಕಾದಷ್ಟಿತ್ತು, ಒಂದನ್ನೂ ಹೇಳಲಿಲ್ಲ. ಭಾಗವತರು ಹಾಡಿದರು, ನಾನು ತಲೆ ತಗ್ಗಿಸಿ ಕೂತೆ.

ಬರುವ ಆಟಿಗೆ ಮತ್ತೆ ಇದೇ ಪ್ರಸಂಗ. ಮಾಷ್ಟ್ರು ಈ ಸಲ ಹೆನ್ರಿ ಅಲ್ಲವಂತೆ, ಆ ಮಕ್ಕಳ ತಾಯಿಯ ಅರ್ಥ ಹೇಳುತ್ತಾರಂತೆ.