ಸುಡಲೆಂದೇ ಕಟ್ಟಿದ ಗುಡಿ: ನನ್ನ ಅನುಭವ

ಸತ್ತವರ ಹೆಸರು ಬರೆದು ಕೊನೆಗೆ ಸುಡೋಕೆ ಅಂತಲೇ ಗುಡಿ ಕಟ್ಟುತ್ತೇವೆ ಅಂದಾಗ ಊರಲ್ಲಿ ಯಾರೂ ನಂಬಲಿಲ್ಲ. 2023ರ ಜನವರಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಾಲ್ಕೈದು ಹಳ್ಳಿಯವರು ಸೇರಿ ಅದನ್ನು ಮಾಡಿಯೇ ತೋರಿಸಿದೆವು. ನಾಟಕದ ಸೆಟ್, ಮದುವೆ ಚಪ್ಪರ ಹಾಕುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಕಂಬ ನಿಲ್ಲಿಸುವುದು, ಕಟ್ಟು ಬಿಗಿಯುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಯೋಚನೆ ಅಮೆರಿಕದ ಡೇವಿಡ್ ಬೆಸ್ಟ್ ಅವರದ್ದು. 2000ದಲ್ಲಿ ನೆವಾಡಾ ಮರುಭೂಮಿಯ ಬರ್ನಿಂಗ್ ಮ್ಯಾನ್ ಕೂಟದಲ್ಲಿ ಶುರುವಾಯಿತು. ಬೈಕ್ ಅಪಘಾತದಲ್ಲಿ ಹೋದ ಗೆಳೆಯನ ನೆನಪಿಗೆ ಕಟ್ಟಿದ್ದರಲ್ಲಿ ಬೇರೆಯವರೂ ತಮ್ಮವರ ಹೆಸರು ಬರೆದರು. ನನ್ನನ್ನು ಹಿಡಿದಿದ್ದು ಮಾತ್ರ ಉತ್ತರ ಐರ್ಲೆಂಡಿನ ಡೆರಿ ಊರಿನ ಕೆಲಸ. ಪ್ರಾಟೆಸ್ಟೆಂಟರು, ಕ್ಯಾಥೊಲಿಕರು ಒಬ್ಬರನ್ನೊಬ್ಬರು ಕೆಣಕಲು ದೊಡ್ಡ ಬೆಂಕಿ ಹಾಕುವ ಊರದು. 2015ರ ಮಾರ್ಚ್‌ನಲ್ಲಿ ಅಲ್ಲೇ ಎರಡೂ ಕಡೆಯವರು ಸೇರಿ ಎಪ್ಪತ್ತು ಅಡಿಗೂ ಎತ್ತರದ ಮರದ ಗುಡಿ ಕಟ್ಟಿ ಸುಟ್ಟರು. 2022ರ ಮೇನಲ್ಲಿ ಇಂಗ್ಲೆಂಡಿನ ಬೆಡ್‌ವರ್ತ್‌ನಲ್ಲಿ ಕೋವಿಡ್‌ನಲ್ಲಿ ಹೋದವರಿಗಾಗಿ ಇಂಥದ್ದೇ ಆಯಿತು.

ನಮಗೂ ಕೋವಿಡ್ಡೇ ಕಾರಣ. 2021ರ ಎರಡನೇ ಅಲೆಯಲ್ಲಿ ಮುಖವನ್ನೂ ನೋಡದೆ ಕಳಿಸಿಕೊಟ್ಟ ಮನೆಗಳು ಎಷ್ಟು! ಆ ಜೂನ್‌ನಲ್ಲಿ ಯಾರೂ ಒಯ್ಯದ ನೂರಾರು ಜನರ ಬೂದಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು.

"ತಮ್ಮಾ, ಒಂದು ಸಲ ಸುಟ್ಟವರನ್ನು ಮತ್ತೆ ಸುಡೋದು ಯಾವ ಶಾಸ್ತ್ರ?" ಅಂದರು ಊರಿನ ಹಿರಿಯರೊಬ್ಬರು. ವಾದ ಮಾಡಲಿಲ್ಲ. ಅವರದ್ದೇ ಮೂರು ಷರತ್ತು ಒಪ್ಪಿಕೊಂಡೆವು: ಮಂತ್ರ ಬೇಡ, ಭಟ್ಟರು ಬೇಡ, ಶ್ರಾದ್ಧ ಅನ್ನಬೇಡಿ. ಅದರಿಂದಲೇ ಕೆಲಸ ಸುಲಭವಾಯಿತು, ಯಾವ ಜಾತಿಯವರೂ ದೂರ ನಿಲ್ಲಲಿಲ್ಲ. ಹೂಳುವ ಪದ್ಧತಿ ಇರುವ ಮುಸ್ಲಿಂ, ಕ್ರೈಸ್ತ, ಲಿಂಗಾಯತ ಮನೆಯವರಿಗೆ ಹೆಸರು ಬೆಂಕಿಗೆ ಹೋಗುವುದು ಇಷ್ಟವಿರಲಿಲ್ಲ. ಅವರಿಗಾಗಿ ಹೆಸರು ಬರೆದ ಅಡಿಕೆ ಹಾಳೆಗಳಲ್ಲಿ ಹೊರ ಸಾಲಿನವನ್ನು ಬಿಚ್ಚಿಕೊಳ್ಳುವ ಹಾಗೆ ಕಟ್ಟಿದೆವು. ಕೆಲವರು ಒಯ್ದರು, ಕೆಲವರು ಗದ್ದೆಯಂಚಿನಲ್ಲೇ ಗುಂಡಿ ತೋಡಿ ಹೂತರು.

ಮೊದಲು ಪ್ಲೈವುಡ್‌ನಲ್ಲಿ ಮಾಡೋಣ ಅಂತ ಹೊರಟಿದ್ದೆವು. ಅಂಗಡಿಗೆ ಕೊಟ್ಟ ಮುಂಗಡ, ಸುಮಾರು ಎಂಟು ಸಾವಿರ, ವಾಪಸ್ ಬರಲೇ ಇಲ್ಲ. ಚೂರು ಸುಟ್ಟು ನೋಡಿದರೆ ಅಂಟಿನ ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಆಮೇಲೆ ಬಿದಿರು. ಹಿತ್ತಲಲ್ಲಿ ಆಳೆತ್ತರದ ಮಾದರಿ ಸುಟ್ಟಾಗ ಗಣ್ಣು ಗಣ್ಣೂ ಪಟಾಕಿ ಥರ ಸಿಡಿಯಿತು, ಕೆಂಡ ಕೊಟ್ಟಿಗೆ ಮಾಡಿನವರೆಗೆ ಹಾರಿತು. ಪ್ರತಿ ಎರಡು ಗಣ್ಣಿನ ನಡುವೆ ತೂತು ಕೊರೆದ ಮೇಲೆ ಸದ್ದಡಗಿತು. ಕೊನೆಗೆ ಕಂಬಕ್ಕೆ ಮಾತ್ರ ಬಿದಿರು, ಉಳಿದದ್ದೆಲ್ಲ ಹಳೇ ಅಡಿಕೆ ಮರ ಸೀಳಿದ ದಬ್ಬೆ. ಹಸಿ ದಬ್ಬೆ ಹತ್ತುವುದೇ ಇಲ್ಲ, ಒಂದು ಬೇಸಿಗೆಯಾದರೂ ಒಣಗಿರಬೇಕು. ಮೊಳೆ ಒಂದೂ ಹೊಡೆಯಲಿಲ್ಲ. ನಾಳೆ ಅದೇ ಗದ್ದೆಯಲ್ಲಿ ದನ ಮೇಯಬೇಕು, ಅಲ್ವಾ? ಎಲ್ಲಾ ತೆಂಗಿನ ಹಗ್ಗ. ಇಪ್ಪತ್ತೆರಡು ಅಡಿ ಎತ್ತರ ಬಂತು. ಈ ಭಾಗದಲ್ಲಿ ಮೊಳೆಯಿಲ್ಲದೆ ಅಷ್ಟೆತ್ತರ ಬೇರೆ ಯಾರೂ ನಿಲ್ಲಿಸಿದ್ದನ್ನು ನಾನು ನೋಡಿಲ್ಲ.

ಒಂದು ಪ್ರಯೋಗ ಹೇಳಿಬಿಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವನ್ನು ನೀರಲ್ಲಿ ಕರಗಿಸಿ ದಬ್ಬೆಗೆ ಹಚ್ಚಿ ಸುಟ್ಟರೆ ಉರಿ ಹಸಿರಾಗುತ್ತದೆ. ನೋಡಲು ಚೆಂದವೇ. ಆದರೆ ಆ ಹೊಗೆ ಒಳ್ಳೆಯದಲ್ಲ, ಜನರೂ ಹೆಸರು ಬಿಟ್ಟು ಬಣ್ಣ ನೋಡಿಕೊಂಡು ಕೂರುತ್ತಾರೆ. ಕೈಬಿಟ್ಟೆವು.

ಒಟ್ಟು ಖರ್ಚು ಎಪ್ಪತ್ತು ಸಾವಿರದ ಹತ್ತಿರ. ದಬ್ಬೆ ತೋಟದವರು ಸುಮ್ನೆ ಕೊಟ್ಟರು. ಬಿದಿರು, ಹಗ್ಗ, ಸಾಗಣೆ, ಟಾರ್ಪಾಲಿಗೇ ಜಾಸ್ತಿ ಹೋಯಿತು. ಇಬ್ಬನಿಗೆ ಹಾಳೆ ಮೆತ್ತಗಾಗದಂತೆ ದಿನಾ ರಾತ್ರಿ ಟಾರ್ಪಾಲು ಮುಚ್ಚಬೇಕಿತ್ತು. ಒಬ್ಬರು ಇಪ್ಪತ್ತೈದು ಸಾವಿರ ಕೊಡುತ್ತೇನೆ, ಫ್ಲೆಕ್ಸ್ ಹಾಕಿ ಅಂದರು. ಬೇಡ ಅಂದೆವು. ಪಂಚಾಯ್ತಿ, ಪೊಲೀಸ್, ಅಗ್ನಿಶಾಮಕ, ಮೂರೂ ಕಡೆ ಪತ್ರ ಕೊಡಿ. ಒಂದು ಕಚೇರಿಯಲ್ಲಿ ವಾರಗಟ್ಟಲೆ ಅಲೆದೆವು, ಕೊನೆಗೆ ನೀರಿನ ಟ್ಯಾಂಕರ್ ನಾವೇ ತಂದು ನಿಲ್ಲಿಸಿದೆವು.

ನನ್ನ ಅನುಭವದಲ್ಲಿ ಕೆಲಸ ಮಾಡಿದ್ದು ಉರಿಗಿಂತ ಹೆಚ್ಚಾಗಿ ಅದಕ್ಕೂ ಮುಂಚಿನ ವಾರ. ಗುಡಿಯನ್ನು ಹಗಲು ರಾತ್ರಿ ತೆರೆದೇ ಇಡಬೇಕು, ಅಲ್ಲಿ ಕಾಯುವವನು ಮಾತಾಡಬಾರದು. ಅಡಿಕೆ ಹಾಳೆ, ಇದ್ದಿಲು ಇಟ್ಟಿದ್ದೆವು. ಮೊದಲೆರಡು ದಿನ ಬರೀ ಹೆಸರುಗಳು. ಆಮೇಲೆ ಜನ ಮಾತು ಬರೆಯತೊಡಗಿದರು. ಒಬ್ಬಳು ಆಸ್ಪತ್ರೆ ಬಿಲ್ಲಿನ ಮೊತ್ತ ಬರೆದು ಕೆಳಗೆ "ದುಡ್ಡು ಪೂರ್ತಿ ಕಟ್ಟಿದ್ವಿ ಅಪ್ಪಾ" ಅಂತ ಸೇರಿಸಿದ್ದಳು. ಆ ಹಾಳೆಯನ್ನು ನಾನೇ ನಡುಕಂಬಕ್ಕೆ ಕಟ್ಟಿದೆ. ಗುಡಿಯನ್ನು ಚೆನ್ನಾಗಿಯೇ ಕಟ್ಟಬೇಕು, ಸುಡಲು ಮನಸ್ಸು ಬಾರದಷ್ಟು ಚೆನ್ನಾಗಿ. ಕಾಟಾಚಾರಕ್ಕೆ ಕಟ್ಟಿದ್ದರ ಮುಂದೆ ಯಾರೂ ಅಳುವುದಿಲ್ಲ.

ಕತ್ತಲಾಗುತ್ತಿದ್ದಂತೆ, ಗಾಳಿ ನಿಂತು ಇಬ್ಬನಿ ಬೀಳುವ ಮುಂಚೆ ಹಚ್ಚಿದೆವು. ಸೀಮೆಎಣ್ಣೆ ಇಲ್ಲ, ಒಣ ತೆಂಗಿನ ಗರಿಯ ಸೂಡಿ ಮಾತ್ರ. ಅಡಿಕೆ ಸಿಪ್ಪೆ ಹಾಕಬೇಡಿ, ಬರೀ ಹೊಗೆ. ನಲವತ್ತು ನಿಮಿಷದಲ್ಲಿ ಕಂಬಗಳು ಒಳಮುಖವಾಗಿಯೇ ಬಿದ್ದವು. ಆ ಕಟ್ಟು ಹೇಗೆ ಹಾಕಿದೆ, ಯಾವ ಹಗ್ಗ ಮೊದಲು ಸುಡುವ ಹಾಗೆ ಬಿಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದು ಕೆಲಸ ಮಾಡಿದವರಿಗೆ ತೋರಿಸುತ್ತೇನೆ.

ಭಾಷಣ ಇರಲಿಲ್ಲ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಮನೆಗಳವರು ಒಂದೇ ಚಾಪೆಯಲ್ಲಿ ಕೂತಿದ್ದರು. ಶವ ಬಂದಾಗ ಬಾಗಿಲು ಹಾಕಿಕೊಂಡರು ಅನ್ನುವ ಸಿಟ್ಟು ಅವರ ನಡುವೆ ಇತ್ತು. ಈಗ ಮದುವೆಗೆ ಹೋಗಿಬರುತ್ತಾರೆ.

ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಪಕ್ಕದ ಹೋಬಳಿಯವರು ಕರೆದಿದ್ದಾರೆ. ದಬ್ಬೆ ಈಗಲೇ ಅಟ್ಟದ ಮೇಲೆ ಒಣಗುತ್ತಿದೆ. ಆಳುಗಳ ಕೂಲಿ, ಊಟ ಅವರದ್ದು. ಫ್ಲೆಕ್ಸ್ ಹಾಕುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದೇನೆ.