ಮೇಲ್‌ನಲ್ಲಿ ಬಂದ ಲಿಂಕ್ ಬೇಕಾದ ಬ್ರೌಸರ್‌ನಲ್ಲೇ ತೆರೆಯಲು ಹೀಗೆ ಮಾಡಿ

“ಲಿಂಕ್ ಒತ್ತಿದ್ರ ಏನೂ ಆಗವಲ್ತ್ರಿ ಸರ.” ಹುಬ್ಬಳ್ಳಿ-ಧಾರವಾಡದ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಬರುವ ಈ ದೂರಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ. ಥಂಡರ್‌ಬರ್ಡ್‌ನಲ್ಲೋ ಔಟ್‌ಲುಕ್‌ನಲ್ಲೋ ಮೇಲ್ ಓದುತ್ತ ಲಿಂಕ್ ಒತ್ತಿದರೆ ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಎಂದೂ ಬಳಸದ ಬ್ರೌಸರ್ ತೆರೆದುಕೊಳ್ಳುತ್ತದೆ. ಇನ್ನು ಕೆಲವರಿಗೆ ‘ಸಿಸ್ಟಮ್ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ’ ಎಂಬ ಸಂದೇಶ ಬರುತ್ತದೆ. ಆಗ ಹೆಚ್ಚಿನವರು ಮೇಲ್ ಪ್ರೋಗ್ರಾಮನ್ನೇ ಕಿತ್ತು ಮತ್ತೆ ಹಾಕಲು ಹೋಗುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಪಾಪ್ ವಿಧಾನದಲ್ಲಿ ಮೇಲ್ ಇಳಿಸಿಕೊಳ್ಳುವ ಕಚೇರಿಗಳಲ್ಲಿ ಹಳೆಯ ಮೇಲ್‌ಗಳೆಲ್ಲ ಆ ಒಂದೇ ಕಂಪ್ಯೂಟರ್‌ನಲ್ಲಿ ಇರಬಹುದು, ಕೈತಪ್ಪಿದರೆ ವರ್ಷಗಳ ಪತ್ರವ್ಯವಹಾರ ಹೋಗುತ್ತದೆ. ಅಷ್ಟಾದರೂ ಲಿಂಕ್ ಸರಿಹೋಗುವ ಖಾತ್ರಿಯಿಲ್ಲ.

ಯಾವ ಬ್ರೌಸರ್‌ನಲ್ಲಿ ತೆರೆದರೇನು ಎಂದು ಕೇಳುವವರಿದ್ದಾರೆ. ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯ ಗುಮಾಸ್ತರನ್ನು ಕೇಳಿದರೆ ಉತ್ತರ ಸಿಗುತ್ತದೆ. ಜಿಎಸ್‌ಟಿ, ಬ್ಯಾಂಕು, ಟೆಂಡರ್ ಪೋರ್ಟಲ್‌ಗಳ ಪಾಸ್‌ವರ್ಡ್ ಉಳಿಸಿರುವುದು, ಡಿಜಿಟಲ್ ಸಹಿಯ ಟೋಕನ್ ಹೊಂದಿಸಿರುವುದು ಒಂದೇ ಬ್ರೌಸರ್‌ನಲ್ಲಿ. ಲಿಂಕ್ ಇನ್ನೊಂದರಲ್ಲಿ ತೆರೆದರೆ ಮತ್ತೆ ಲಾಗಿನ್, ಮತ್ತೆ ಒಟಿಪಿ. ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳಂತೂ ಹಲವು ಕಡೆ ಒಂದೇ ಸಲ ಕೆಲಸ ಮಾಡುತ್ತವೆ. ತಪ್ಪು ಬ್ರೌಸರ್‌ನಲ್ಲಿ ಒಮ್ಮೆ ತೆರೆದರೆ ಆ ಲಿಂಕ್ ಮುಗಿಯಿತು, ಇನ್ನೊಂದು ತರಿಸಿಕೊಳ್ಳಬೇಕು.

ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ

ಮೇಲ್ ಪ್ರೋಗ್ರಾಮ್ ಸಾಮಾನ್ಯವಾಗಿ ಜಾಲತಾಣವನ್ನು ತಾನೇ ತೆರೆಯುವುದಿಲ್ಲ. ಲಿಂಕ್ ಒತ್ತಿದಾಗ ಆ ವಿಳಾಸವನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಜಾಲತಾಣದ ವಿಳಾಸಗಳಿಗೆ ಯಾವ ಬ್ರೌಸರ್ ನೇಮಕವಾಗಿದೆ ಎಂದು ನೋಡಿ ವಿಂಡೋಸ್ ಅದನ್ನು ಎಬ್ಬಿಸುತ್ತದೆ. ಆ ಬ್ರೌಸರ್ ತನ್ನ ಯಾವುದೋ ಒಂದು ಪ್ರೊಫೈಲ್‌ನಲ್ಲಿ, ಅಂದರೆ ಒಬ್ಬ ಬಳಕೆದಾರರ ಖಾತೆ, ಪಾಸ್‌ವರ್ಡ್‌ಗಳನ್ನು ಬೇರೆಯಾಗಿ ಇಡುವ ಜಾಗದಲ್ಲಿ, ಪುಟ ತೋರಿಸುತ್ತದೆ. ಹೀಗೆ ಮೂರು ಕೈ ದಾಟುವ ಕೆಲಸವಿದು. ಯಾವ ಕೈಯಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯದೆ ಸೆಟ್ಟಿಂಗ್ ಬದಲಿಸುತ್ತ ಹೋದರೆ ಸರಿಯಿದ್ದದ್ದೂ ಕೆಡುತ್ತದೆ.

ಪರೀಕ್ಷೆ ಅರ್ಧ ನಿಮಿಷದ್ದು. ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಕೀ ಒಟ್ಟಿಗೆ ಒತ್ತಿ. ಕೆಳಗೆ ಎಡಮೂಲೆಯಲ್ಲಿ ‘ರನ್’ ಎಂಬ ಪುಟ್ಟ ಕಿಟಕಿ ಬರುತ್ತದೆ. ಅದರಲ್ಲಿ ಯಾವುದಾದರೂ ತಾಣದ ಪೂರ್ಣ ವಿಳಾಸವನ್ನು ಎಚ್‌ಟಿಟಿಪಿಎಸ್ ಸಮೇತ ಟೈಪ್ ಮಾಡಿ ಎಂಟರ್ ಒತ್ತಿ. ಬೇಕಾದ ಬ್ರೌಸರ್ ತೆರೆದರೆ ವಿಂಡೋಸ್ ಸರಿಯಿದೆ, ದೋಷ ಮೇಲ್ ಪ್ರೋಗ್ರಾಮಿನದು. ಬೇರೆ ಬ್ರೌಸರ್ ತೆರೆದರೆ ಅಥವಾ ಏನೂ ತೆರೆಯದಿದ್ದರೆ ಮೇಲ್ ಪ್ರೋಗ್ರಾಮನ್ನು ಮುಟ್ಟಲೇಬೇಡಿ, ವಿಂಡೋಸ್‌ನಿಂದ ಶುರುಮಾಡಿ. ಇದನ್ನೇ ಎಚ್‌ಟಿಟಿಪಿ ಎಂದು, ಕೊನೆಯ ಎಸ್ ಇಲ್ಲದೆ, ಇನ್ನೊಮ್ಮೆ ಮಾಡಿ. ಎರಡಕ್ಕೂ ವಿಂಡೋಸ್‌ನಲ್ಲಿ ಬೇರೆ ಬೇರೆ ನೇಮಕವಿದೆ. ಕೆಲವು ಲಿಂಕ್ ತೆರೆದು ಕೆಲವು ತೆರೆಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ವಿಂಡೋಸ್‌ನಲ್ಲಿ

ವಿಂಡೋಸ್ 11 ಆದರೆ ವಿಂಡೋಸ್ ಕೀ ಜೊತೆ ಐ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ‘ಆ್ಯಪ್ಸ್’, ಅದರೊಳಗೆ ‘ಡಿಫಾಲ್ಟ್ ಆ್ಯಪ್ಸ್’. ಪಟ್ಟಿಯಲ್ಲಿ ನಿಮ್ಮ ಬ್ರೌಸರ್ ಹೆಸರನ್ನು ಒತ್ತಿದರೆ ಮೇಲ್ಭಾಗದಲ್ಲಿ ‘ಸೆಟ್ ಡಿಫಾಲ್ಟ್’ ಗುಂಡಿ ಕಾಣುತ್ತದೆ. ಅದನ್ನು ಒತ್ತಿದ ಮೇಲೆ ಅಲ್ಲಿಗೇ ಬಿಡದೆ ಪಟ್ಟಿಯಲ್ಲಿ ಕೆಳಗಿಳಿದು ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎರಡರ ಎದುರೂ ಅದೇ ಬ್ರೌಸರ್ ಇದೆಯೇ ನೋಡಿ. ವಿಂಡೋಸ್ 11 ಬಂದ ಹೊಸತರಲ್ಲಿ ಈ ಗುಂಡಿ ಇರಲಿಲ್ಲ, 2022ರಲ್ಲಿ ಅಪ್‌ಡೇಟ್ ಮೂಲಕ ಬಂತು. ಅಪ್‌ಡೇಟ್ ಮಾಡದ ಕಂಪ್ಯೂಟರ್‌ನಲ್ಲಿ ಎಚ್‌ಟಿಎಂ, ಎಚ್‌ಟಿಎಂಎಲ್ (ಇವೆರಡು ಜಾಲಪುಟದ ಫೈಲ್‌ಗಳ ಬಗೆಗಳು), ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಒಂದೊಂದನ್ನೂ ಕೈಯಾರೆ ಬದಲಿಸಬೇಕು.

ವಿಂಡೋಸ್ 10ರಲ್ಲಿ ಅದೇ ಪುಟದಲ್ಲಿ ‘ವೆಬ್ ಬ್ರೌಸರ್’ ಎಂಬ ಸಾಲಿದೆ. ಅಲ್ಲಿ ಬದಲಿಸಿ. ಹಟ ಹಿಡಿದರೆ ಪುಟದ ಕೆಳಗಿನ ‘ಚೂಸ್ ಡಿಫಾಲ್ಟ್ ಆ್ಯಪ್ಸ್ ಬೈ ಪ್ರೊಟೊಕಾಲ್’ಗೆ ಹೋಗಿ ಎರಡನ್ನೂ ನೇರವಾಗಿ ಆರಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣದ ವ್ಯವಹಾರದ ಮೇಲ್ ಬರುವ ಕಂಪ್ಯೂಟರ್ ಇನ್ನೂ ಅದರ ಮೇಲೇ ನಡೆಯುತ್ತಿದ್ದರೆ ಮುಂದಿನ ದಾರಿಯನ್ನು ಈಗಲೇ ಯೋಚಿಸಿ.

ಥಂಡರ್‌ಬರ್ಡ್‌ನಲ್ಲಿ

ವಿಂಡೋಸ್ ಸರಿಯಿದ್ದೂ ಥಂಡರ್‌ಬರ್ಡ್ ಬೇರೆ ಬ್ರೌಸರನ್ನು ಕರೆಯುತ್ತಿದೆ ಎಂದರೆ, ಹಿಂದೆಂದೋ ಯಾರೋ ‘ಯಾವಾಗಲೂ ಇದನ್ನೇ ಬಳಸು’ ಎಂದು ಗುರುತು ಹಾಕಿದ್ದು ಅದರ ನೆನಪಿನಲ್ಲಿ ಉಳಿದಿರುವ ಸಾಧ್ಯತೆಯೇ ಹೆಚ್ಚು. ಆ ಬ್ರೌಸರನ್ನು ಈಗ ಕಂಪ್ಯೂಟರ್‌ನಿಂದ ತೆಗೆದುಹಾಕಿದ್ದರೆ ಲಿಂಕ್ ಒತ್ತಿದರೂ ಏನೂ ಆಗುವುದಿಲ್ಲ.

ಬಲಮೇಲಿನ ಮೂರು ಗೆರೆಯ ಗುಂಡಿ ಒತ್ತಿ ‘ಸೆಟ್ಟಿಂಗ್ಸ್’, ಅದರಲ್ಲಿ ‘ಜನರಲ್’ಗೆ ಹೋಗಿ. ಕೆಳಗಿಳಿದರೆ ‘ಫೈಲ್ಸ್ ಆ್ಯಂಡ್ ಅಟ್ಯಾಚ್‌ಮೆಂಟ್ಸ್’ ಭಾಗದಲ್ಲಿ ಎರಡು ಕಾಲಂನ ಪಟ್ಟಿಯಿದೆ. ಎಡಗಡೆ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಎಂಬ ಸಾಲು ಕಂಡರೆ ಬಲಗಡೆಯ ‘ಆ್ಯಕ್ಷನ್’ ಕಾಲಂನಲ್ಲಿ ಬ್ರೌಸರ್ ಬದಲಿಸಿ. ಎಷ್ಟೋ ಜನರಿಗೆ ಈ ಸಾಲುಗಳು ಕಾಣುವುದೇ ಇಲ್ಲ. ಗಾಬರಿ ಬೇಡ, ಒಮ್ಮೆಯೂ ಆಯ್ಕೆ ಮಾಡಿರದಿದ್ದರೆ ಅವು ಪಟ್ಟಿಯಲ್ಲಿ ಇರುವುದಿಲ್ಲ.

ಆಗ ಥಂಡರ್‌ಬರ್ಡೇ ನಿಮ್ಮನ್ನು ಕೇಳುವಂತೆ ಮಾಡಬೇಕು. ಅದೇ ‘ಜನರಲ್’ ಪುಟದ ತೀರಾ ಕೆಳಗೆ ‘ಕಾನ್ಫಿಗ್ ಎಡಿಟರ್’ ಗುಂಡಿಯಿದೆ. ಎಚ್ಚರಿಕೆಯ ಪುಟ ಬಂದರೆ ಒಪ್ಪಿ ಮುಂದೆ ಹೋಗಿ. ಹುಡುಕುವ ಜಾಗದಲ್ಲಿ ‘ವಾರ್ನ್-ಎಕ್ಸ್‌ಟರ್ನಲ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ಎರಡು ಪದಗಳ ನಡುವೆ ಅಡ್ಡಗೆರೆ ಇಟ್ಟು, ಟೈಪ್ ಮಾಡಿ. ಬರುವ ಸಾಲುಗಳಲ್ಲಿ ಕೊನೆಗೆ ಎಚ್‌ಟಿಟಿಪಿ ಎಂದಿರುವುದು ಒಂದು, ಎಚ್‌ಟಿಟಿಪಿಎಸ್ ಎಂದಿರುವುದು ಇನ್ನೊಂದು. ಎರಡರ ಎದುರೂ ‘ಫಾಲ್ಸ್’ ಇರುತ್ತದೆ. ಬಲತುದಿಯ ಗುಂಡಿಯಿಂದ ಎರಡನ್ನೂ ‘ಟ್ರೂ’ ಮಾಡಿ. ಉಳಿದ ಸಾಲುಗಳಿಗೆ ಕೈ ಹಚ್ಚಬೇಡಿ.

ಇನ್ನು ನಿಮ್ಮ ವಿಳಾಸಕ್ಕೆ ನೀವೇ ಒಂದು ಮೇಲ್ ಕಳಿಸಿಕೊಳ್ಳಿ. ಒಂದು ಸಾಲಿನಲ್ಲಿ ಎಸ್ ಇಲ್ಲದ ವಿಳಾಸ, ಇನ್ನೊಂದರಲ್ಲಿ ಎಸ್ ಇರುವ ವಿಳಾಸ. ಎಕ್ಸಾಂಪಲ್ ಡಾಟ್ ಕಾಮ್ ಎಂಬ ತಾಣ ಇಂಥ ಉದಾಹರಣೆಗಳಿಗೆಂದೇ ಮೀಸಲಿದೆ, ಅದನ್ನೇ ಎರಡೂ ಬಗೆಯಲ್ಲಿ ಬರೆದರೆ ಸಾಕು. ಬಂದ ಮೇಲ್‌ನಲ್ಲಿ ಮೊದಲ ಲಿಂಕ್ ಒತ್ತಿದಾಗ ಯಾವ ಪ್ರೋಗ್ರಾಮ್ ಬೇಕು ಎಂದು ಕೇಳುವ ಕಿಟಕಿ ಬರುತ್ತದೆ. ಬ್ರೌಸರ್ ಆರಿಸಿ, ಆಯ್ಕೆ ನೆನಪಿಟ್ಟುಕೊಳ್ಳುವಂತೆ ಹೇಳುವ ಚೌಕಕ್ಕೆ ಗುರುತು ಹಾಕಿ, ಲಿಂಕ್ ತೆರೆಯಿರಿ. ಎರಡನೆಯದಕ್ಕೂ ಇದೇ. ಎಚ್‌ಟಿಟಿಪಿಎಸ್‌ಗೆ ಮಾತ್ರ ಮಾಡಿ ಮುಗಿಸಿದರೆ ಮುಂದೊಮ್ಮೆ ಹಳೆಯ ಸರ್ಕಾರಿ ತಾಣವೊಂದರ ಲಿಂಕ್ ಬಂದಾಗ ಮತ್ತೆ ಅದೇ ಗೋಳು.

ಪಟ್ಟಿಯಲ್ಲಿ ನಿಮ್ಮ ಬ್ರೌಸರ್ ಇಲ್ಲದಿದ್ದರೆ ‘ಚೂಸ್’ ಒತ್ತಿ ದಾರಿ ತೋರಿಸಬೇಕು. ಫೈರ್‌ಫಾಕ್ಸ್ ಸಾಮಾನ್ಯವಾಗಿ ಸಿ ಡ್ರೈವಿನ ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ‘ಮೊಜಿಲ್ಲಾ ಫೈರ್‌ಫಾಕ್ಸ್’ ಫೋಲ್ಡರ್‌ನಲ್ಲಿರುತ್ತದೆ. ಕ್ರೋಮ್ ಇರುವುದು ‘ಗೂಗಲ್’, ‘ಕ್ರೋಮ್’, ‘ಅಪ್ಲಿಕೇಶನ್’ ಎಂಬ ಮೂರು ಮೆಟ್ಟಿಲು ಇಳಿದ ಮೇಲೆ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಆರಿಸಬೇಡಿ, ಇಎಕ್ಸ್ಇ ಫೈಲನ್ನೇ ಆರಿಸಿ.

ಇಷ್ಟಾದರೂ ಕೇಳದಿದ್ದರೆ ಆಯ್ಕೆಗಳನ್ನು ಬರೆದಿಟ್ಟುಕೊಳ್ಳುವ ಫೈಲೇ ಕೆಟ್ಟಿರಬಹುದು. ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಪುಟದಲ್ಲಿ ‘ಪ್ರೊಫೈಲ್ ಫೋಲ್ಡರ್’ ಎದುರಿನ ಗುಂಡಿ ಒತ್ತಿದರೆ ಫೋಲ್ಡರ್ ತೆರೆಯುತ್ತದೆ. ಈಗ ಥಂಡರ್‌ಬರ್ಡ್ ಪೂರ್ತಿ ಮುಚ್ಚಿ. ಮುಚ್ಚದೆ ಮಾಡಿದರೆ ಹಳೆಯದನ್ನೇ ಅದು ಮತ್ತೆ ಬರೆದುಬಿಡಬಹುದು. ಫೋಲ್ಡರ್‌ನಲ್ಲಿ ‘ಹ್ಯಾಂಡ್ಲರ್ಸ್ ಡಾಟ್ ಜೆಸನ್’ ಫೈಲನ್ನು ಹುಡುಕಿ ಹೆಸರಿನ ಕೊನೆಗೆ ‘ಹಳೆ’ ಎಂದೇನಾದರೂ ಸೇರಿಸಿ. ಅಳಿಸುವ ಅಗತ್ಯವಿಲ್ಲ. ಥಂಡರ್‌ಬರ್ಡ್ ಮತ್ತೆ ತೆರೆದಾಗ ಹೊಸ ಫೈಲ್ ಹುಟ್ಟುತ್ತದೆ. ಮೇಲ್‌ಗಳಿಗೆ ಇದರಿಂದ ಧಕ್ಕೆಯಿಲ್ಲ. ಲಿಂಕ್, ಅಟ್ಯಾಚ್‌ಮೆಂಟ್ ತೆರೆಯುವ ಬಗ್ಗೆ ಹಿಂದೆ ಮಾಡಿದ್ದ ಆಯ್ಕೆಗಳು ಮಾತ್ರ ಅಳಿಸಿಹೋಗುತ್ತವೆ.

ಔಟ್‌ಲುಕ್ ಬಳಸುವವರಿಗೆ

ವಿಂಡೋಸ್‌ನಲ್ಲಿ ಕ್ರೋಮ್ ಎಂದಿದ್ದರೂ ಔಟ್‌ಲುಕ್‌ನ ಲಿಂಕ್‌ಗಳು ಮೈಕ್ರೋಸಾಫ್ಟ್‌ನದೇ ಬ್ರೌಸರ್ ಆದ ಎಡ್ಜ್‌ನಲ್ಲೇ ತೆರೆಯುತ್ತಿವೆಯೇ? ನಿಮ್ಮ ತಪ್ಪೇನಿಲ್ಲ. ಮೈಕ್ರೋಸಾಫ್ಟ್ 365 ಚಂದಾದಾರರ ಔಟ್‌ಲುಕ್‌ಗೆ 2023ರಿಂದ ಕಂಪನಿ ಈ ನಡವಳಿಕೆ ತಂದಿತು. ಬಳಕೆದಾರ ಒಮ್ಮೆ ಆರಿಸಿದ ಬ್ರೌಸರನ್ನು ಹೀಗೆ ಬದಿಗೆ ಸರಿಸುವುದು ಸರಿಯಲ್ಲ, ಆದರೆ ಹಿಂತಿರುಗುವ ದಾರಿಯನ್ನಾದರೂ ಇಟ್ಟಿದ್ದಾರೆ. ಹಳೆಯ ವಿನ್ಯಾಸದ ಔಟ್‌ಲುಕ್‌ನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಅಡ್ವಾನ್ಸ್ಡ್’ ಎಂದು ಹೋಗಿ. ಅಲ್ಲಿ ‘ಓಪನ್ ಹೈಪರ್‌ಲಿಂಕ್ಸ್ ಫ್ರಮ್ ಔಟ್‌ಲುಕ್ ಇನ್’ ಎಂಬುದರ ಎದುರು ಎಡ್ಜ್ ತೆಗೆದು ‘ಡಿಫಾಲ್ಟ್ ಬ್ರೌಸರ್’ ಆರಿಸಿ ಓಕೆ ಕೊಡಿ.

‘ಈ ಕಂಪ್ಯೂಟರ್‌ನ ನಿರ್ಬಂಧಗಳಿಂದಾಗಿ ಕೆಲಸ ರದ್ದಾಗಿದೆ, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ’ ಎಂಬರ್ಥದ ಸಂದೇಶ ಔಟ್‌ಲುಕ್‌ನ ಹಳೆಯ ಕಾಯಿಲೆ. ಅಂಗಡಿಯಲ್ಲಿ ನೀವೇ ಮಾಲೀಕರಾಗಿದ್ದರೂ ಇದು ಬರುತ್ತದೆ. ಸಾಮಾನ್ಯ ಕಾರಣವೇನೆಂದರೆ, ಡಿಫಾಲ್ಟ್ ಆಗಿದ್ದ ಬ್ರೌಸರನ್ನು ಕಿತ್ತುಹಾಕಿದಾಗ ಎಚ್‌ಟಿಎಂಎಲ್ ಫೈಲ್‌ಗಳ ಹೊಣೆ ಅದರ ಹೆಸರಿನಲ್ಲೇ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆಯಲ್ಲಿ, ಉಳಿದುಬಿಡುತ್ತದೆ. ಔಟ್‌ಲುಕ್ ಇಲ್ಲದ ಬ್ರೌಸರನ್ನು ಹುಡುಕಿ ಸೋಲುತ್ತದೆ. ರಿಜಿಸ್ಟ್ರಿ ತಿದ್ದುವುದಕ್ಕಿಂತ ಸುರಕ್ಷಿತ ದಾರಿ ಇದು: ಕಿತ್ತ ಬ್ರೌಸರನ್ನು ಮತ್ತೆ ಹಾಕಿ, ಅದನ್ನು ಡಿಫಾಲ್ಟ್ ಮಾಡಿ, ಆಮೇಲೆ ಬೇಕಾದ ಬ್ರೌಸರನ್ನು ಡಿಫಾಲ್ಟ್ ಮಾಡಿ, ಕೊನೆಗೆ ಬೇಡದ್ದನ್ನು ತೆಗೆಯಿರಿ. ಈ ಕ್ರಮ ತಪ್ಪಬಾರದು. ಕಚೇರಿಯ ಸರ್ವರ್‌ಗೆ ಜೋಡಿಸಿದ ಕಂಪ್ಯೂಟರ್ ಆದರೆ ನಿಜವಾಗಿಯೇ ನಿರ್ಬಂಧ ಹಾಕಿರಬಹುದು, ಅಲ್ಲಿ ನಿರ್ವಾಹಕರನ್ನೇ ಕೇಳಬೇಕು.

ಜಂಕ್ ಫೋಲ್ಡರ್‌ನಲ್ಲಿರುವ ಮೇಲ್‌ನ ಲಿಂಕ್‌ಗಳನ್ನು ಔಟ್‌ಲುಕ್ ಬೇಕೆಂದೇ ನಿಷ್ಕ್ರಿಯ ಮಾಡುತ್ತದೆ. ಮೇಲ್ ನಂಬಲರ್ಹ ಎಂದು ಖಾತ್ರಿಯಾದರೆ ಮಾತ್ರ ಇನ್‌ಬಾಕ್ಸ್‌ಗೆ ತನ್ನಿ.

ಬ್ರೌಸರ್ ಸರಿ, ಪ್ರೊಫೈಲ್ ತಪ್ಪು

ಮುದ್ರಣಕ್ಕೆ ಹೆಸರಾದ ಗದಗಿನ ಪ್ರೆಸ್ಸೊಂದನ್ನು ಊಹಿಸಿಕೊಳ್ಳಿ. ಗಿರಾಕಿ ಲಗ್ನಪತ್ರಿಕೆಯ ವಿನ್ಯಾಸವನ್ನು ಗೂಗಲ್ ಡ್ರೈವ್‌ಗೆ ಹಾಕಿ ಪ್ರೆಸ್ಸಿನ ಜಿಮೇಲ್ ಖಾತೆಗೆ ಹಂಚಿಕೊಂಡು ಲಿಂಕ್ ಕಳಿಸಿದ್ದಾರೆ. ಲಿಂಕ್ ಒತ್ತಿದರೆ ಕ್ರೋಮ್ ತೆರೆಯುತ್ತದೆ, ಪುಟದಲ್ಲಿ ‘ಯು ನೀಡ್ ಆ್ಯಕ್ಸೆಸ್’ ಎಂದಿರುತ್ತದೆ. ಗಿರಾಕಿಗೆ ಫೋನ್ ಹೋಗುತ್ತದೆ, ಅವರು “ಕೊಟ್ಟೇನ್ರಿ, ನೋಡ್ರಿ ಸರಿಯಾಗಿ” ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಒಂದೇ ಕ್ರೋಮ್‌ನಲ್ಲಿ ಪ್ರೆಸ್ಸಿನ ಪ್ರೊಫೈಲ್, ಮನೆಯ ಪ್ರೊಫೈಲ್ ಎಂದು ಎರಡಿದ್ದಾಗ, ಹೊರಗಿನಿಂದ ಬಂದ ಲಿಂಕ್ ಕೊನೆಯಲ್ಲಿ ಬಳಸಿದ ಪ್ರೊಫೈಲ್‌ನ ಕಿಟಕಿಯಲ್ಲಿ ತೆರೆಯುತ್ತದೆ. ಮನೆಯ ಖಾತೆಗೆ ಆ ಫೈಲಿನ ಅನುಮತಿ ಇಲ್ಲ. ಲಿಂಕ್ ಒತ್ತುವ ಮುನ್ನ ಪ್ರೆಸ್ಸಿನ ಪ್ರೊಫೈಲ್‌ನ ಕ್ರೋಮ್ ಕಿಟಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಬಂದರೆ ಸಾಕು. ಶಾಶ್ವತ ಪರಿಹಾರ ಬೇಕಿದ್ದರೆ ಕೆಲಸಕ್ಕೆ ಒಂದು ಬ್ರೌಸರ್, ಸ್ವಂತಕ್ಕೆ ಇನ್ನೊಂದು ಎಂದು ಬೇರೆ ಮಾಡಿ, ಕೆಲಸದ್ದನ್ನು ಡಿಫಾಲ್ಟ್ ಇಡಿ.

ಫೈರ್‌ಫಾಕ್ಸ್‌ನಲ್ಲಿ ‘ಆಗಲೇ ಚಾಲೂ ಇದೆ, ಆದರೆ ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸಂದೇಶ ಬಂದರೆ ಹಿಂದಿನ ಫೈರ್‌ಫಾಕ್ಸ್ ಕಣ್ಣಿಗೆ ಕಾಣದೆ ಹಿನ್ನೆಲೆಯಲ್ಲಿ ಸಿಕ್ಕಿಕೊಂಡಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಅದನ್ನು ‘ಎಂಡ್ ಟಾಸ್ಕ್’ ಮಾಡಿ.

ತುಂಡಾದ ಲಿಂಕ್, ಸುಳ್ಳು ಲಿಂಕ್

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ‘ಪುಟ ಸಿಗಲಿಲ್ಲ’ ಎಂದು ಬಂದರೆ ಲಿಂಕನ್ನೇ ನೋಡಿ. ಬರೀ ಪಠ್ಯದ ಮೇಲ್‌ಗಳಲ್ಲಿ ಉದ್ದದ ವಿಳಾಸ ಎರಡು ಸಾಲಿಗೆ ಮುರಿದಿದ್ದರೆ ಮೊದಲ ಸಾಲಷ್ಟೇ ಲಿಂಕ್ ಆಗಬಹುದು. ಎರಡೂ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ, ನಡುವಿನ ಜಾಗ ತೆಗೆದು ಜೋಡಿಸಿ ಬ್ರೌಸರ್‌ಗೆ ಕೊಡಿ.

ಲಿಂಕ್ ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಮಾಡಿಕೊಂಡ ಮೇಲೆ ಒಂದು ಅಭ್ಯಾಸ ಬೇಕೇ ಬೇಕು. ಒತ್ತುವ ಮುನ್ನ ಮೌಸನ್ನು ಲಿಂಕ್ ಮೇಲೆ ನಿಲ್ಲಿಸಿ. ಥಂಡರ್‌ಬರ್ಡ್‌ನಲ್ಲಿ ಕೆಳಗಿನ ಸ್ಟೇಟಸ್ ಪಟ್ಟಿಯಲ್ಲಿ, ಔಟ್‌ಲುಕ್‌ನಲ್ಲಿ ಪುಟ್ಟ ಪೆಟ್ಟಿಗೆಯಲ್ಲಿ ನಿಜವಾದ ವಿಳಾಸ ಕಾಣುತ್ತದೆ. ಮೇಲ್‌ನಲ್ಲಿ ಬ್ಯಾಂಕಿನ ಹೆಸರು, ಕೆಳಗೆ ಇನ್ನಾವುದೋ ತಾಣ ಎಂದಾದರೆ ಅದು ವಂಚನೆ ಎಂದೇ ತಿಳಿದು ಬಿಟ್ಟುಬಿಡಿ. ಥಂಡರ್‌ಬರ್ಡ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ’ ಸೆಟ್ಟಿಂಗ್‌ನಲ್ಲಿರುವ ವಂಚನೆ ಪತ್ತೆಯ ಗುರುತನ್ನು ತೆಗೆಯಬೇಡಿ. ಗುರುತಿಲ್ಲದವರು ಕಳಿಸಿದ ಎಚ್‌ಟಿಎಂಎಲ್ ಅಟ್ಯಾಚ್‌ಮೆಂಟ್ ತೆರೆಯಲೇಬೇಡಿ. ಅದು ನಿಮ್ಮ ಬ್ರೌಸರ್‌ನಲ್ಲೇ ನಕಲಿ ಲಾಗಿನ್ ಪುಟ ತೋರಿಸಬಲ್ಲದು. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಲಿನಕ್ಸ್, ಮ್ಯಾಕ್, ಮತ್ತು ಹಿಮ್ಮುಖ ದಾರಿ

ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ‘ಡಿಫಾಲ್ಟ್ ಆ್ಯಪ್ಸ್’ ಭಾಗದಲ್ಲಿ ‘ವೆಬ್’ ಎದುರು ಬ್ರೌಸರ್ ಆರಿಸಬೇಕು. ಉಬುಂಟು 24.04ರಿಂದ ಥಂಡರ್‌ಬರ್ಡ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತಿದೆ. ಸ್ನ್ಯಾಪ್ ತನ್ನ ಆವರಣದೊಳಗೇ ನಡೆಯುವುದರಿಂದ ಬ್ರೌಸರ್ ಫೈಲಿನ ದಾರಿಯನ್ನು ಕೈಯಾರೆ ತೋರಿಸಲು ಹೋಗಿ ದಣಿಯುವುದಕ್ಕಿಂತ ಸಿಸ್ಟಮ್‌ನ ಡಿಫಾಲ್ಟ್ ಬದಲಿಸುವುದೇ ಮೇಲು. ಮ್ಯಾಕ್‌ನಲ್ಲಿ, ಮ್ಯಾಕ್‌ಒಎಸ್‌ನ ವೆಂಚುರಾ ಆವೃತ್ತಿಯಿಂದ ಈಚೆಗೆ, ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಡೆಸ್ಕ್‌ಟಾಪ್ ಆ್ಯಂಡ್ ಡಾಕ್’ ಪುಟದಲ್ಲಿ ‘ಡಿಫಾಲ್ಟ್ ವೆಬ್ ಬ್ರೌಸರ್’ ಇದೆ.

ಬ್ರೌಸರ್‌ನಲ್ಲಿ ಕಂಡ ಮೇಲ್ ವಿಳಾಸ ಒತ್ತಿದರೆ ಥಂಡರ್‌ಬರ್ಡ್ ತೆರೆಯಬೇಕು ಎನ್ನುವವರು ವಿಂಡೋಸ್‌ನ ಅದೇ ‘ಡಿಫಾಲ್ಟ್ ಆ್ಯಪ್ಸ್’ನಲ್ಲಿ ‘ಮೇಲ್‌ಟು’ ಎಂಬುದಕ್ಕೆ ಥಂಡರ್‌ಬರ್ಡ್ ಆರಿಸಲಿ. ಫೈರ್‌ಫಾಕ್ಸ್‌ನ ‘ಜನರಲ್’ ಸೆಟ್ಟಿಂಗ್‌ನಲ್ಲಿ ‘ಅಪ್ಲಿಕೇಶನ್ಸ್’ ಪಟ್ಟಿಯಲ್ಲೂ ‘ಮೇಲ್‌ಟು’ ಸಾಲಿದೆ, ಅಲ್ಲಿಯೂ ಅದನ್ನೇ ಇಡಿ. ಕ್ರೋಮ್ ಮಾತ್ರ ಇನ್ನೂ ಜಿಮೇಲನ್ನೇ ತೆರೆಯುತ್ತಿದ್ದರೆ, ‘ಸೈಟ್ ಸೆಟ್ಟಿಂಗ್ಸ್’ ಒಳಗಿನ ‘ಪ್ರೊಟೊಕಾಲ್ ಹ್ಯಾಂಡ್ಲರ್ಸ್’ಗೆ ಹೋಗಿ ಜಿಮೇಲ್ ಸಾಲನ್ನು ತೆಗೆದುಹಾಕಿ.